ಪೊಟ್ಟಣದ ಚಿತ್ರದಲ್ಲಿರುವ ಹಣ್ಣು ಚಾಕೊಲೇಟಿನಲ್ಲಿ ಎಷ್ಟಿದೆ?

ಮಾನ್ಯ ಸಂಪಾದಕರೇ,

ಅಸಾಯಿ, ಗೋಜಿ, ಬ್ಲೂಬೆರಿ, ದಾಳಿಂಬೆಯ ಚಿತ್ರ ಹೊತ್ತ ಡಾರ್ಕ್ ಚಾಕೊಲೇಟ್‌ಗಳನ್ನು ‘ಆ್ಯಂಟಿಆಕ್ಸಿಡೆಂಟ್ ಭಂಡಾರ’ (ಜೀವಕೋಶಗಳನ್ನು ಹಾನಿಯಿಂದ ಕಾಯುತ್ತವೆ ಎನ್ನುವ ಅಂಶಗಳ ಕಣಜ) ಎಂದು ನಂಬಿ ಜನ ದುಬಾರಿ ಬೆಲೆ ಕೊಟ್ಟು ಒಯ್ಯುತ್ತಿದ್ದಾರೆ. ದಯವಿಟ್ಟು ಪೊಟ್ಟಣ ತಿರುಗಿಸಿ ಹಿಂಬದಿಯನ್ನು ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರೇ ಸಕ್ಕರೆಯಾಗಿದ್ದರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ. ‘ಹಣ್ಣಿನ ತುಂಡು’ ಎಂದು ನಾವು ತಿಳಿದದ್ದು ಎಷ್ಟೋ ಸಲ ಹಣ್ಣೇ ಅಲ್ಲ. ಸಕ್ಕರೆ, ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್, ಗಟ್ಟಿಯಾಗಿಸುವ ಪೆಕ್ಟಿನ್ ಜೊತೆ ಸ್ವಲ್ಪ ರಸದ ಸಾರ ಸೇರಿಸಿ ಕಟ್ಟಿದ ಜೆಲ್ಲಿ.

ಅಸಾಯಿ ಎಂಬುದು ಅಮೆಜಾನ್ ತೀರದಲ್ಲಿ, ನಮ್ಮ ಅಡಿಕೆ ಮರದ ಹಾಗೇ ಕಾಣುವ ಮರದ ಹಣ್ಣು. ಬಹುಪಾಲು ಬೀಜ, ಮೇಲೆ ತೆಳ್ಳನೆಯ ತಿರುಳು. ಬ್ರೆಜಿಲ್‌ನ ಬೆಲೆಂ ಊರಿನ ಜನ ಅದನ್ನು ಸಕ್ಕರೆಯಿಲ್ಲದೆ, ಮರಗೆಣಸಿನ ಹಿಟ್ಟು ಮತ್ತು ಹುರಿದ ಮೀನಿನ ಜೊತೆ ಊಟಕ್ಕೆ ತಿನ್ನುತ್ತಾರೆ. ಕಿತ್ತ ಮೇಲೆ ಬೇಗ ಕೆಡುವುದರಿಂದ ನಮ್ಮಲ್ಲಿಗೆ ಬರುವುದು ಪುಡಿ ಅಥವಾ ಹೆಪ್ಪುಗಟ್ಟಿಸಿದ ತಿರುಳು ಮಾತ್ರ. ಹೊಗಳಿಕೆಯೆಲ್ಲ ಆ ತಿರುಳಿನದು. ಪೊಟ್ಟಣದ ಜೆಲ್ಲಿಗೆ ಅದು ಸಲ್ಲುವುದಿಲ್ಲ.

ಇನ್ನು ಚಾಕೊಲೇಟಿನ ವಿಚಾರ. ‘ಕ್ಷಾರ ಸಂಸ್ಕರಿತ ಕೋಕೋ’ ಎಂದೋ, ಕೋಕೋ ಪಕ್ಕದಲ್ಲಿ ಸೇರ್ಪಡೆ ವಸ್ತುವಿನ ಸಂಖ್ಯೆಯಾದ ಐಎನ್‌ಎಸ್ 500 ಅಥವಾ 501 ಎಂದೋ ಇದ್ದರೆ, ಬಣ್ಣ ಗಾಢವಾಗಲು ಮತ್ತು ಒಗರು ತಗ್ಗಲು ಕಾರ್ಬೊನೇಟ್ ಎಂಬ ಕ್ಷಾರ ಬಳಸಿದ್ದಾರೆ ಎಂದರ್ಥ. ನಾವು ಹುಡುಕಿಕೊಂಡು ಹೋಗುವ, ಕೋಕೋದ ಆ್ಯಂಟಿಆಕ್ಸಿಡೆಂಟ್‌ಗಳಾದ ಫ್ಲಾವನಾಲ್‌ಗಳು ಅಲ್ಲಿಯೇ ಕಳೆದುಹೋಗುತ್ತವೆ. ಗಾಢವಾಗಿ ಸಂಸ್ಕರಿಸಿದ ಪುಡಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಉಳಿದರೆ ಹೆಚ್ಚು. ಹಾಗಾಗಿ ಕಪ್ಪಾಗಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ತಪ್ಪು.

ಆಹಾರದ ಲೇಖನಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಶಕ್ತಿಯ ಅಳತೆಯಾದ ‘ಓರಾಕ್’ ಅಂಕಗಳನ್ನು ಈಗಲೂ ಕೊಡುತ್ತಾರೆ. ಗಾಜಿನ ನಳಿಕೆಯಲ್ಲಿ ಅಳೆದ ಆ ಅಂಕಕ್ಕೂ ದೇಹದೊಳಗೆ ಆಗುವುದಕ್ಕೂ ನೇರ ಸಂಬಂಧವಿಲ್ಲವೆಂದು ಅಮೆರಿಕದ ಕೃಷಿ ಇಲಾಖೆ ತನ್ನ ಓರಾಕ್ ಪಟ್ಟಿಯನ್ನು 2012ರಲ್ಲೇ ಹಿಂತೆಗೆದುಕೊಂಡಿತು. ಪತ್ರಿಕೆಗಳೂ ಅದನ್ನು ಕೈಬಿಡಲಿ.

ಮನೆಯಲ್ಲೇ ಚಾಕೊಲೇಟ್ ಮಾಡುವವರು ಹುಳಿ, ಬಣ್ಣ, ಒಗರು ಬೇಕಿದ್ದರೆ ನಮ್ಮ ಘಟ್ಟದ ಪುನರ್ಪುಳಿ (ಉತ್ತರ ಕನ್ನಡದವರ ಮುರುಗಲು) ಮತ್ತು ಬೆಟ್ಟದ ನೆಲ್ಲಿಯನ್ನು ಬಳಸಿ ನೋಡಿ. ಪುನರ್ಪುಳಿ ಸಿಪ್ಪೆಯ ಕೆಂಪು ಸಸ್ಯವರ್ಣವಾದ ಆಂಥೋಸಯನಿನ್‌ನದು. ಬ್ಲೂಬೆರಿಯ ಬಣ್ಣವೂ ಅದೇ ಗುಂಪಿಗೆ ಸೇರಿದ್ದು. ನೆಲ್ಲಿಯನ್ನು ಒಣಗಿಸಿದಾಗ ಸಿ ಜೀವಸತ್ವ ಬಹಳಷ್ಟು ಹೋದರೂ ಒಗರು ಕೊಡುವ ಟ್ಯಾನಿನ್ ಉಳಿಯುತ್ತದೆ.

ಆದರೆ ಅಂಗಡಿಯ ಉಪ್ಪು ಹಾಕಿದ ಪುನರ್ಪುಳಿ ಬೇಡ, ಉಪ್ಪು ತೇವ ಎಳೆಯುತ್ತದೆ. ಉಪ್ಪಿಲ್ಲದ ಸಿಪ್ಪೆಯನ್ನು 50–55 ಡಿಗ್ರಿಯಲ್ಲಿ, ಬಗ್ಗಿಸಿದರೆ ಪಟ್ಟನೆ ಮುರಿಯುವವರೆಗೆ ಒಣಗಿಸಿ. ತುಂಡುಗಳನ್ನು ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಒಂದು ಗಂಟೆ ಬಿಸಿಲಲ್ಲಿಡಿ. ಒಳಗೋಡೆಯಲ್ಲಿ ಮಂಜು ಕಟ್ಟಿದರೆ ಇನ್ನೂ ಒಣಗಿಲ್ಲ. ಈ ಪರೀಕ್ಷೆ ಬಿಟ್ಟವರ ಚಾಕೊಲೇಟೇ ಹೆಚ್ಚಾಗಿ ಕೆಡುವುದು. ಕರಗಿದ ಚಾಕೊಲೇಟಿಗೆ ನಾಲ್ಕು ಹನಿ ನೀರು ಬಿದ್ದರೂ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿ ಇಡೀ ಪಾತ್ರೆ ಮುದ್ದೆಯಾಗುತ್ತದೆ. ಹಸಿ ಹಣ್ಣು ಬೆರೆಸುವ ಮಾತೇ ಇಲ್ಲ. ಒಣ ಕ್ರ್ಯಾನ್‌ಬೆರಿ ಬಳಸುವವರು ಅದಕ್ಕೆ ಸವರಿರುವ ಎಣ್ಣೆಯನ್ನು ಒರೆಸಬೇಕು. ಆ ಎಣ್ಣೆ ಚಾಕೊಲೇಟನ್ನು ಮೆತ್ತಗಾಗಿಸುತ್ತದೆ.

100 ಗ್ರಾಂ ಚಾಕೊಲೇಟಿಗೆ 3–4 ಮಿಲಿಮೀಟರ್ ತುಂಡು ಮಾಡಿದ ಪುನರ್ಪುಳಿ 6 ಗ್ರಾಂ ಸಾಕು, ನೆಲ್ಲಿಯಾದರೆ 10 ಗ್ರಾಂ. ಶೇ 85ರ ಚಾಕೊಲೇಟಿನ ಕಹಿಗೆ ಈ ಹುಳಿ ಸೇರಿದರೆ ನಾಲಿಗೆಗೆ ಕಠಿಣ. ಶೇ 60–65 ಕೋಕೋ ಇರುವುದೇ ಹೊಂದುತ್ತದೆ. ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು 45–48 ಡಿಗ್ರಿವರೆಗೆ ಕರಗಿಸಿ. ಕೆಳಗಿಳಿಸಿ ಪಾತ್ರೆಯ ತಳ ಒರೆಸಿ, ಉಳಿದ ಪಾಲನ್ನು ಚೂರು ಮಾಡಿ ಹಾಕುತ್ತ, ನಿಧಾನವಾಗಿ ತಿರುವುತ್ತ 28 ಡಿಗ್ರಿಗೆ ತನ್ನಿ. ಮತ್ತೆ 31ಕ್ಕೆ ಏರಿಸಿ. 33 ದಾಟಿತೆಂದರೆ ಕಟ್ಟಿದ ಕೋಕೋ ಬೆಣ್ಣೆಯ ಹರಳು ಕರಗಿಹೋಗುತ್ತದೆ, ಮೊದಲಿಂದ ಮಾಡಬೇಕು. ಚಾಕುವಿನ ತುದಿಗೆ ಹಚ್ಚಿದ್ದು ಐದು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಂತೆ. ಆಮೇಲೆಯೇ ಹಣ್ಣಿನ ತುಂಡು ಬೆರೆಸಿ ಅಚ್ಚಿಗೆ ಸುರಿಯಿರಿ. ತುಂಡುಗಳು ಕೋಣೆಯ ಶಾಖದಲ್ಲಿರಲಿ. ತಣ್ಣಗಿದ್ದರೆ ಸುತ್ತಲಿನ ಚಾಕೊಲೇಟ್ ಹದ ತಪ್ಪಿ ಕಲೆ ಬೀಳುತ್ತದೆ.

ಮೇಲೆ ಬಿಳಿ ಬಂದರೆ ಬೂಷ್ಟು ಎಂದು ಎಸೆಯುವ ಮುನ್ನ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತರೆ ಅದು ಹದ ತಪ್ಪಿ ಮೇಲೆದ್ದ ಕೋಕೋ ಬೆಣ್ಣೆ. ಹರಡಿ ಹೀರಿಕೊಂಡರೆ ಅದು ಸಕ್ಕರೆ: ಫ್ರಿಜ್ಜಿನಿಂದ ತೆಗೆದಾಗ ಮೇಲೆ ಕಟ್ಟಿದ ನೀರು ಸಕ್ಕರೆಯನ್ನು ಕರಗಿಸಿ ಒಣಗಿದೆ. ಎರಡನ್ನೂ ತಿನ್ನಬಹುದು. ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡಲೇಬೇಕಾದರೆ ಬಿಗಿ ಡಬ್ಬಿಯಲ್ಲಿಟ್ಟು, ಹೊರತೆಗೆದ ಒಂದು ಗಂಟೆಯವರೆಗೆ ಮುಚ್ಚಳ ತೆರೆಯಬೇಡಿ.

ಚಿತ್ರದಲ್ಲೋ ಮಾತಿನಲ್ಲೋ ಎತ್ತಿ ತೋರಿಸಿದ ಪದಾರ್ಥದ ಶೇಕಡಾ ಪ್ರಮಾಣವನ್ನು ಮುದ್ರಿಸಬೇಕೆಂಬುದು ಆಹಾರ ಸುರಕ್ಷತೆ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲೇ ಇದೆ. ಅಧಿಕಾರಿಗಳು ಅಂಗಡಿಗಳಲ್ಲಿ ಅದನ್ನು ಪರಿಶೀಲಿಸಲಿ. ಕ್ಷಾರ ಸಂಸ್ಕರಣೆಯನ್ನೂ ಅರ್ಥವಾಗುವ ಮಾತಿನಲ್ಲಿ, ಕನ್ನಡದಲ್ಲಿ ಬರೆಯಲಿ. ಇನ್ನೊಂದು ಮಾತು: ಧಾರೆಹುಳಿಯನ್ನು ಚಾಕೊಲೇಟಿನಲ್ಲಿ ಅದ್ದಿ ಮಾರುವವರು ಮೂತ್ರಪಿಂಡದ ಕಾಯಿಲೆ ಇರುವವರು ತಿನ್ನಬಾರದೆಂದು ದೊಡ್ಡ ಅಕ್ಷರದಲ್ಲಿ ಹಾಕಬೇಕು. ಅದರಲ್ಲಿರುವ ಆಕ್ಸಲೇಟ್ ಮತ್ತು ನರವಿಷ ಅವರ ದೇಹದಿಂದ ಹೊರಹೋಗದೆ, ಬಿಕ್ಕಳಿಕೆಯಿಂದ ಶುರುವಾಗಿ ಪ್ರಾಣಾಪಾಯದವರೆಗೆ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

– ಚಾಕೊಲೇಟ್ ತಯಾರಿಕೆಯಲ್ಲಿರುವ ಓದುಗರು, ಪುತ್ತೂರು