ಬಣ್ಣ ಮಾತ್ರ ಬಳಿಸಬೇಡ, ಪುಟ್ಟಿ

ಚಿ. ಮೇಘಾಳಿಗೆ ಅಪ್ಪನ ಆಶೀರ್ವಾದಗಳು.

ಶನಿವಾರ ಪಣಜಿಗೆ ಹೊರಡೋದು, ಅಲ್ಲಿ ಮನೆ ಹಿಡಿಯೋದು ಎಲ್ಲ ಮಾತಾಡಿ ಆಗಿದೆ. ಈ ಪತ್ರ ನೀನು ಸಂಗ್ರಹಕ್ಕೆ ಅಂತ ತಂದ ಆ ಹಳೇ ನಂಬರ್ ಪ್ಲೇಟಿನ ವಿಷಯಕ್ಕೆ. ರಾತ್ರಿ ಫೋನಿನಲ್ಲಿ ನಿನ್ನ ಮೇಲೆ ರೇಗಿದೆ, ಬೇಜಾರು ಮಾಡ್ಕೋಬೇಡ. ಆದರೂ ಮತ್ತೆ ಅದನ್ನೇ ಹೇಳ್ತೀನಿ: ಅದಕ್ಕೆ ಹೊಸ ಬಣ್ಣ ಬಳಿಸಬೇಡ.

ಜೆ.ಸಿ. ರಸ್ತೆಯ ಗುಜರಿ ರಾಶಿಯಲ್ಲಿ ಜಿ.ಡಿ. ಅನ್ನೋ ಅಕ್ಷರ ಕಂಡು ಎಳೆದುಕೊಂಡೆಯಲ್ಲ, ಆ ಕಣ್ಣು ಎಲ್ಲರಿಗೂ ಇರಲ್ಲ. ಪೋರ್ಚುಗೀಸರು ಹೋದ ಮೇಲೆ ಗೋವಾ, ದಮನ್, ದಿಯು ಮೂರೂ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶವಾಗಿತ್ತು, ಅಲ್ಲಿನ ಗಾಡಿ ನಂಬರು ಶುರುವಾಗ್ತಿದ್ದದ್ದು ಈ ಜಿ.ಡಿ.ಯಿಂದಲೇ. 1987ರ ಮೇ 30ಕ್ಕೆ ಗೋವಾ ರಾಜ್ಯವಾಯಿತು, ಆ ಹಳೇ ಪ್ರದೇಶ ಅಲ್ಲಿಗೆ ಮುಗಿಯಿತು. ಆದರೆ ಹಳೇ ಗಾಡಿಗಳು ಹಳೇ ನಂಬರಿನಲ್ಲೇ ಎಷ್ಟೋ ವರ್ಷ ಓಡಿದವು. ಹಾಗಾಗಿ ಬರೀ ಅಕ್ಷರ ನೋಡಿ ಪ್ಲೇಟು ಯಾವ ಕಾಲದ್ದು ಅಂತ ಹೇಳಕ್ಕಾಗಲ್ಲ. ಅದನ್ನ ಹೇಳೋದು ಬಣ್ಣ.

ಆಗ ಬೋರ್ಡ್ ಬರೆಯೋರು ಎನಾಮಲ್ ಪೇಂಟಿನಲ್ಲಿ ಕೈಯಲ್ಲೇ ನಂಬರ್ ಬರೀತಿದ್ದರು. ಓರೆಯಾಗಿ ಬೆಳಕಿಗೆ ಹಿಡಿದು ನೋಡು. ಬಿಳಿ ಅಕ್ಷರದ ಅಂಚು ಕಪ್ಪಿನ ಮೇಲೆ ಸ್ವಲ್ಪ ಉಬ್ಬಿರುತ್ತೆ, ಬ್ರಷ್ ತಿರುಗಿದ ಕಡೆ ಸಣ್ಣ ಗೆರೆಗಳಿರುತ್ತವೆ. ಬೋಲ್ಟ್ ಹಾಕೋ ತೂತಿನ ಸುತ್ತ ವಾಷರಿನಷ್ಟಗಲ ಬಣ್ಣ ಸವೆದಿರುತ್ತೆ. ಗಾಡಿ ಮೇಲೆ ಇದ್ದದ್ದಕ್ಕೆ ಅದೇ ಸಾಕ್ಷಿ. ಒಂದು ಕೋಟ್ ಹೊಡೆಸಿದರೆ ಇದೆಲ್ಲ ಮುಚ್ಚಿಹೋಗುತ್ತೆ. ಆಮೇಲೆ ಅದಕ್ಕೂ ನಿನ್ನೆ ಬರೆಸಿದ ಪ್ಲೇಟಿಗೂ ಏನು ವ್ಯತ್ಯಾಸ? ಬೇಡ ಅನ್ನಿಸಿದರೆ ತಿನ್ನರ್ ಹಾಕಿ ತೆಗೀತೀನಿ ಅಂತ ನೀನಂದೆ. ತಿನ್ನರಿಗೆ ಹೊಸ ಬಣ್ಣ ಯಾವುದು, ಹಳೇದು ಯಾವುದು ಅಂತ ಗೊತ್ತಾಗಲ್ಲ, ಎರಡೂ ಎದ್ದುಬರುತ್ತೆ.

ಕೊಳೆ ತೆಗೀಬೇಕು ಅಂದರೆ ಮೊದಲು ಮೆತ್ತನೆ ಒಣ ಬ್ರಷ್. ಆಮೇಲೆ ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡೇ ಹನಿ, ಹತ್ತಿ ಅದ್ದಿ ಚೆನ್ನಾಗಿ ಹಿಂಡಿ ಮೂಲೆಯಲ್ಲಿ ಒರೆಸಿ ನೋಡು. ಹತ್ತಿಗೆ ಬಣ್ಣ ಬಂತೋ, ಅಲ್ಲಿಗೇ ನಿಲ್ಲಿಸು. ನೆನೆಹಾಕಬೇಡ. ಸ್ಟೀಲ್ ನಾರು, ನಿಂಬೆ, ಹುಣಸೆ ಯಾವುದೂ ಬೇಡ, ಹುಳಿ ತುಕ್ಕು ತೆಗೆಯೋದರ ಜೊತೆಗೆ ಬಣ್ಣದಡಿಗೂ ಇಳಿಯುತ್ತೆ. ಚಕ್ಕೆ ಎದ್ದ ಕಡೆ ಉಗುರು ತಾಗಿಸಬೇಡ. ಚಕ್ಕೆಯಡಿ ಇನ್ನೊಂದು ನಂಬರ್ ಕಂಡರೂ ಕೆರೆಯೋಕೆ ಹೋಗಬೇಡ, ಫೋಟೋ ತೆಗೆದಿಟ್ಟುಕೋ.

ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ್ದು. ಪಣಜಿಯ ಉಪ್ಪುಗಾಳಿ, ಮಳೆಗಾಲ ನೆನೆಸಿಕೊಂಡರೆ ನನಗೆ ಚಿಂತೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿಯುತ್ತೆ, ಪೇಪರ್ ಸುತ್ತಿದರೆ ಮಸಿ ಅಂಟುತ್ತೆ. ಒಗೆದು ಒಣಗಿಸಿದ ಹತ್ತಿಬಟ್ಟೆ ಸುತ್ತಿ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿ ನಿಲ್ಲಿಸಿಡು. ಒಂದರ ಮೇಲೊಂದು ಪೇರಿಸಬೇಡ.

ಇನ್ನೊಂದು. ದಾದ್ರಾ ನಗರ್ ಹವೇಲಿಯನ್ನು 2020ರ ಜನವರಿ 26ರಂದು ದಮನ್-ದಿಯು ಜೊತೆ ಸೇರಿಸಿದರು. ಅಲ್ಲಿನ ಡಿ.ಎನ್. ಪ್ಲೇಟು ಸಿಕ್ಕರೆ ಅದೂ ಹಳೇ ಕಾಲದ್ದು ಅಂತ ಹಿಗ್ಗಿ ಕೊಂಡುಬಿಡಬೇಡ, ಆ ನಂಬರಿನ ಗಾಡಿಗಳು ಇನ್ನೂ ಓಡಾಡ್ತಿವೆ. ಕದ್ದ ಮಾಲಲ್ಲ ಅಂತ ಖಾತ್ರಿ ಮಾಡ್ಕೋ, ಮಾರಿದೋರ ಕೈಯಲ್ಲಿ ಚೀಟಿ ಬರೆಸ್ಕೋ. ಚೆನ್ನಾಗಿ ಕಾಣುತ್ತೆ ಅಂತ ಯಾವ ಹಳೇ ಪ್ಲೇಟನ್ನೂ ನಿನ್ನ ಸ್ಕೂಟರಿಗೆ ಹಾಕಲೇಬೇಡ, ಅದು ಬೇರೆ ಗಾಡಿಯ ನಂಬರು, ಪೊಲೀಸರು ಹಿಡಿದರೆ ಕೇಸಾಗುತ್ತೆ. ನಿನಗೆ ಇಷ್ಟು ತಿಳಿಯದೇ ಇಲ್ಲ, ಆದರೂ ಹೇಳದೆ ಇರಕ್ಕಾಗಲ್ಲ.

ಪೇಂಟರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನು. ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ, ನಾನು ಕೊಡ್ತೀನಿ.

ಅಪ್ಪ