ಕೈ ಎತ್ತಿದಾಗ ಯಾರೂ ನೋಡದಿದ್ದರೆ

ಚಿರಂಜೀವಿ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಉಭಯ ಕುಶಲೋಪರಿ.

ಆರ್ಕೆಸ್ಟ್ರಾವನ್ನು ನಿರ್ದೇಶಿಸುವುದನ್ನು ಕಲಿಯಲು ನೀನು ಹೋಗಿರುವ ವಿಯೆನ್ನಾದ ಚಳಿ, ಬಾಡಿಗೆ, ಪರೀಕ್ಷೆಗಳ ಸಂಗತಿಯನ್ನೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿಯೇ ಇದ್ದ. ಆದರೆ ನಿನ್ನ ಕಾಗದದ ಕೊನೆಯ ಪುಟದಲ್ಲಿ, ಊಟದ ವಿಷಯದ ನಡುವೆ ತೂರಿಸಿದ ಹಾಗೆ, ‘ನಾನು ಕೈ ಎತ್ತಿದಾಗ ವಾದಕರು ನನ್ನನ್ನು ನೋಡುವುದೇ ಇಲ್ಲ, ಮೊದಲ ಪಿಟೀಲಿನವರನ್ನು ನೋಡಿಕೊಂಡು ನುಡಿಸಿಬಿಡುತ್ತಾರೆ’ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿತು.

ಆರ್ಕೆಸ್ಟ್ರಾ ನಿರ್ದೇಶಕ ಜುಬಿನ್ ಮೆಹ್ತಾ ಮುಂಬೈಯಿಂದ ಹೋಗಿ ಗೆಲ್ಲಲಿಲ್ಲವೇ ಎಂದು ಮನೆಯವರೆಲ್ಲ ನಿನಗೆ ಹೇಳಿ ಹೇಳಿ ಸಾಕುಮಾಡಿರುತ್ತಾರೆ. ನನ್ನ ಕಣ್ಣ ಮುಂದೆ ಬಂದವರು ಜಪಾನಿನ ನಿರ್ದೇಶಕ ಸೇಜಿ ಒಜಾವಾ. 1973ರಿಂದ 2002ರವರೆಗೆ ಅವರು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕರಾಗಿದ್ದರು. ಅಗ್ಗದ ಟಿಕೆಟ್ ಸಿಕ್ಕ ದಿನಗಳಲ್ಲಿ ನಾನು ಸಿಂಫನಿ ಹಾಲಿನ ಮೇಲಿನ ಬಾಲ್ಕನಿಯಲ್ಲಿ ಕುಳಿತು ಅವರನ್ನು ನೋಡಿದ್ದೇನೆ. ಅಲ್ಲಿ ವೇದಿಕೆಯ ನೆತ್ತಿಯ ಫಲಕದಲ್ಲಿ ಬೀಥೋವನ್ ಹೆಸರೊಂದನ್ನೇ ಕೆತ್ತಿದ್ದಾರೆ, ಉಳಿದ ಫಲಕಗಳೆಲ್ಲ ಖಾಲಿ. ಆ ಹೆಸರಿನ ಕೆಳಗೆ, ಜಪಾನಿ ತಂದೆತಾಯಿಗೆ ಚೀನಾದ ಶೆನ್ಯಾಂಗಿನಲ್ಲಿ ಹುಟ್ಟಿದ ಈ ಮನುಷ್ಯ, ಬಹಳ ಸಲ ಕೈಯಲ್ಲಿ ನಿರ್ದೇಶಕರ ಕೋಲೂ ಇಲ್ಲದೆ ನಿಂತಿರುತ್ತಿದ್ದರು.

ಅಂಥವರಿಗೂ ಒಂದು ಆರ್ಕೆಸ್ಟ್ರಾ ಬೆನ್ನು ತಿರುಗಿಸಿತ್ತು, ಅದೂ ಅವರ ಸ್ವಂತ ದೇಶದ್ದು. 1962ರಲ್ಲಿ, ಅವರಿಗಿನ್ನೂ ಮೂವತ್ತೂ ತುಂಬದಿದ್ದಾಗ, ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಟೋಕಿಯೊದ ಸಿಂಫನಿ ಆರ್ಕೆಸ್ಟ್ರಾದವರು ಅವರನ್ನು ಕರೆಸಿಕೊಂಡಿದ್ದರು. ಕೆಲವೇ ತಿಂಗಳಲ್ಲಿ ಮನಸ್ತಾಪ ಬೆಳೆದು, ವಾದಕರು ಇವರ ಕೈಕೆಳಗೆ ನುಡಿಸುವುದಿಲ್ಲವೆಂದು ಪಟ್ಟು ಹಿಡಿದರು. ಡಿಸೆಂಬರಿನ ಸಂಗೀತ ಕಚೇರಿಗಳು ರದ್ದಾದವು. ಒಜಾವಾ ಆದರೂ ಸಭಾಂಗಣಕ್ಕೆ ಹೋದರು. ಸಾಲುಸಾಲು ಕುರ್ಚಿಗಳು, ಸ್ವರಲಿಪಿಯ ಸ್ಟ್ಯಾಂಡುಗಳು, ಅವುಗಳ ಹಿಂದೆ ಒಬ್ಬ ಮನುಷ್ಯನೂ ಇಲ್ಲ. ನಿನ್ನ ವಾದಕರು ನಿನ್ನನ್ನು ನೋಡದಿದ್ದರೂ ಬಂದು ಕುಳಿತುಕೊಳ್ಳುತ್ತಾರಲ್ಲ ಎಂದು ಸಮಾಧಾನ ಹೇಳುವ ಮನಸ್ಸಾಯಿತು. ಆದರೆ ಅದು ಸಮಾಧಾನವಲ್ಲವೆಂದು ನನಗೂ ಗೊತ್ತು. ಬಾರದವರಿಗಿಂತ ಬಂದೂ ನೋಡದವರು ಹೆಚ್ಚು ನೋಯಿಸುತ್ತಾರೆ.

ಇದು ನನಗೆ ಹೇಗೆ ಗೊತ್ತು ಎಂದರೆ, ಹೇಳಲು ಸಂಕೋಚವಾಗುತ್ತದೆ. ನಾನು ಕೆಲಸ ಮಾಡಿದ ಗ್ರಂಥಾಲಯದ ಸಭೆಗಳಲ್ಲಿ ನಾನು ಬಾಯಿ ತೆರೆದರೆ ಎದುರಿನವರು ತಮ್ಮ ಕಾಗದಗಳನ್ನು ಜೋಡಿಸಿಕೊಳ್ಳಲು ಆರಂಭಿಸುತ್ತಿದ್ದರು. ನನ್ನ ಉಚ್ಚಾರಣೆಯೇ ಕಾರಣವೆಂದು ನಾನು ತೀರ್ಮಾನಿಸಿ, ಕ್ರಮೇಣ ಹೇಳಬೇಕಾದದ್ದನ್ನು ಬರೆದು ಕಡತದಲ್ಲಿಟ್ಟು ಸುಮ್ಮನಾದೆ. ನಿವೃತ್ತಿಯ ದಿನ ಆ ಕಡತವನ್ನು ಮನೆಗೆ ತಂದೆ, ಈಗಲೂ ಕಪಾಟಿನಲ್ಲಿದೆ. ಒಜಾವಾರ ಇಂಗ್ಲಿಷೂ ಅಷ್ಟಕ್ಕಷ್ಟೇ; ಆದರೆ ತಾಲೀಮಿನಲ್ಲಿ ಮಾತು ಸಿಗದ ಕಡೆ ಅವರು ಹಾಡಿಬಿಡುತ್ತಿದ್ದರು, ಮೈಯನ್ನೇ ಬಾಗಿಸಿ ತೋರಿಸುತ್ತಿದ್ದರು. ಅದನ್ನು ಕಂಡ ಮೇಲೂ ನನಗೆ ಧೈರ್ಯ ಬರಲಿಲ್ಲವಲ್ಲ ಎಂಬ ವ್ಯಥೆ ಇನ್ನೂ ಹೋಗಿಲ್ಲ.

ಅವರ ಮೊದಲ ಆಸೆ ಪಿಯಾನೊ. ಶಾಲೆಯಲ್ಲಿ ರಗ್ಬಿ ಆಡುವಾಗ ಬೆರಳು ಮುರಿದದ್ದರಿಂದ ಆ ದಾರಿ ಮುಚ್ಚಿ, ಹಿದೆಯೋ ಸೈತೊ ಎಂಬ ಕಟ್ಟುನಿಟ್ಟಿನ ಗುರುವಿನ ಕೈಗೆ ಸಿಕ್ಕರು. ಸೈತೊ ಕೈಯ ಚಲನೆಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಒಂದೊಂದಕ್ಕೂ ಹೆಸರಿಟ್ಟು ಕಲಿಸುತ್ತಿದ್ದರು. ಅದರಲ್ಲಿ ‘ತತಾಕಿ’ ಎಂಬ ಹೊಡೆತದಲ್ಲಿ, ಸಡಿಲಬಿಟ್ಟ ತೋಳು ವೇಗ ಹೆಚ್ಚಿಸಿಕೊಳ್ಳುತ್ತ ಕೆಳಗಿಳಿದು, ಒಂದು ಬಿಂದುವನ್ನು ತಾಗಿ, ನೆಲಕ್ಕೆ ಬಿದ್ದ ಚೆಂಡಿನಂತೆ ಪುಟಿದೇಳುತ್ತದೆ. ಆ ಬಿಂದು ಎಲ್ಲಿದೆಯೆಂಬ ಬಗ್ಗೆ ಹಿಂದಿನ ಸಾಲಿನವನಿಗೂ ಅನುಮಾನ ಉಳಿಯುವುದಿಲ್ಲ. ನಿನಗೆ ಇದನ್ನು ಹೇಳಲು ನಾನು ಯಾರು? ಆದರೂ ನಿನ್ನ ಪೆಟ್ಟು ಎಲ್ಲಿ ಬೀಳುತ್ತದೆಂದು ಕನ್ನಡಿಯ ಮುಂದೆ ನಿಂತು ಒಮ್ಮೆ ನೋಡಿಕೊಳ್ಳುತ್ತೀಯಾ?

ಮುಂದಿನದು ಸಾಹಸದ ಕಥೆ, ಚಿಕ್ಕದಾಗಿ ಹೇಳುತ್ತೇನೆ. 1959ರಲ್ಲಿ ಸರಕು ಹಡಗು ಹತ್ತಿ, ಒಂದು ಸ್ಕೂಟರು ಮತ್ತು ಗಿಟಾರಿನೊಂದಿಗೆ ಫ್ರಾನ್ಸಿಗೆ ಹೋದರು. ಅಲ್ಲಿನ ಬೆಸಾನ್ಸೋನ್ ಊರಿನ ಯುವ ನಿರ್ದೇಶಕರ ಸ್ಪರ್ಧೆಗೆ ಅರ್ಜಿಯ ಗಡುವು ಮುಗಿದಿತ್ತು, ಅಮೆರಿಕದ ರಾಯಭಾರ ಕಚೇರಿಯ ನೆರವಿನಿಂದ ಒಳಗೆ ಸೇರಿ ಮೊದಲ ಬಹುಮಾನ ಪಡೆದರು. ಆಮೇಲೆ ಅಮೆರಿಕದ ಟ್ಯಾಂಗಲ್‌ವುಡ್ ಸಂಗೀತ ಶಾಲೆ, ಬರ್ಲಿನ್ನಿನಲ್ಲಿ ಹೆಸರಾಂತ ನಿರ್ದೇಶಕ ಕರಾಯನ್ ಅವರ ಬಳಿ ಕಲಿಕೆ, ನ್ಯೂಯಾರ್ಕಿನಲ್ಲಿ ಅಷ್ಟೇ ಹೆಸರಾಂತ ಬರ್ನ್‌ಸ್ಟೈನ್ ಅವರ ಸಹಾಯಕನ ಹುದ್ದೆ. ಓದುವವರು ಇಲ್ಲಿಗೆ ಬಂದು ಚಪ್ಪಾಳೆ ತಟ್ಟುತ್ತಾರೆ. ನನ್ನ ಮನಸ್ಸು ಮಾತ್ರ ಇಷ್ಟೆಲ್ಲ ಆದ ಮೇಲೂ ಬಂದ ಆ ಡಿಸೆಂಬರಿಗೇ ಮತ್ತೆ ಮತ್ತೆ ಹೋಗುತ್ತದೆ. ಬಹುಮಾನ, ದೊಡ್ಡ ಗುರುಗಳ ಹೆಸರು, ಯಾವುದೂ ಆ ಕುರ್ಚಿಗಳನ್ನು ತುಂಬಲಿಲ್ಲ. ಮುಂದಿನ ತಿಂಗಳೇ ಲೇಖಕರೂ ಕಲಾವಿದರೂ ಅವರ ಬೆಂಬಲಕ್ಕೆ ನಿಂತರು, ಜಪಾನ್ ಫಿಲ್‌ಹಾರ್ಮೋನಿಕ್ ಅವರೊಡನೆ ನುಡಿಸಿತು. ಆದರೆ ಎನ್‌ಎಚ್‌ಕೆ ವಾದಕರ ಮುಂದೆ ಅವರು ಮತ್ತೆ ನಿಂತದ್ದು 1995ರಲ್ಲಿ, ಮೂವತ್ತೆರಡು ವರ್ಷಗಳ ನಂತರ.

ಬಾಸ್ಟನ್ನಿನಲ್ಲೂ ಎಲ್ಲವೂ ನೆಟ್ಟಗಿರಲಿಲ್ಲ. ಕೊನೆಯ ವರ್ಷಗಳಲ್ಲಿ, ಇವರು ಇಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಕಾಲ ಇದ್ದುಬಿಟ್ಟರೆಂದು ವಿಮರ್ಶಕರು ಬಹಿರಂಗವಾಗಿಯೇ ಬರೆದರು, ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು ಎಂದು ನನ್ನ ಎಣಿಕೆ. ಕೆಲವು ಸಂಜೆ ಸಂಗೀತ ಸಪ್ಪೆಯಾಗಿರುತ್ತಿತ್ತು. ಆದರೆ ಅಂಥ ಸಂಜೆಯೂ ನಾನು ಗಮನಿಸಿದ ಒಂದು ಸಂಗತಿಯಿದೆ, ಈ ಕಾಗದ ಬರೆಯುತ್ತಿರುವುದೇ ಅದಕ್ಕಾಗಿ. ಅವರು ನಸುಕಿನಲ್ಲೆದ್ದು ಸ್ಕೋರನ್ನು, ಅಂದರೆ ಎಲ್ಲ ವಾದ್ಯಗಳ ಸ್ವರಲಿಪಿಯಿರುವ ಪುಸ್ತಕವನ್ನು, ಓದಿ ಓದಿ ಕಂಠಪಾಠ ಮಾಡಿಕೊಂಡು ಬರುತ್ತಿದ್ದರು; ಎಷ್ಟೋ ಸಲ ಎದುರಿಗೆ ಪುಸ್ತಕವೇ ಇರುತ್ತಿರಲಿಲ್ಲ. ಹಾಗಾಗಿ ಅವರ ಕಣ್ಣು ಇಡೀ ಹೊತ್ತು ನುಡಿಸುವವರ ಮೇಲಿರುತ್ತಿತ್ತು. ಓಬೋದವಳು ಉಸಿರು ತೆಗೆದುಕೊಳ್ಳುವ ಮೊದಲೇ ಅವಳತ್ತ ತಿರುಗಿರುತ್ತಿದ್ದರು, ಅವಳು ತಲೆಯೆತ್ತಿದರೆ ಅಲ್ಲಿ ಒಂದು ಮುಖ ಕಾದಿರುತ್ತಿತ್ತು.

‘ವಾದಕರು ನನ್ನನ್ನು ನೋಡುವುದಿಲ್ಲ’ ಎನ್ನುತ್ತೀಯಲ್ಲ ಮಗಳೇ, ಆ ಕ್ಷಣದಲ್ಲಿ ನೀನು ಏನನ್ನು ನೋಡುತ್ತಿರುತ್ತೀಯೆ? ಪುಟವನ್ನೇ? ಇದು ಆಕ್ಷೇಪಣೆಯಲ್ಲ. ಹೆದರಿದವರ ಕಣ್ಣು ಕಾಗದಕ್ಕೆ ಹೋಗುತ್ತದೆ, ನನ್ನದೂ ಸಭೆಗಳಲ್ಲಿ ಅಲ್ಲಿಗೇ ಹೋಗುತ್ತಿತ್ತು. ಇಡೀ ಕೃತಿ ಬೇಡ, ಮೊದಲ ಎಂಟು ಬಾರುಗಳನ್ನು, ಅಂದರೆ ತಾಳದ ಎಂಟು ಸುತ್ತುಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡು, ಪುಸ್ತಕ ಮುಚ್ಚಿಟ್ಟು ಆರಂಭಿಸಿ ನೋಡಬಹುದೇನೋ. ಅದು ಆಗುವ ಮಾತಲ್ಲ ಎಂದು ನಿನ್ನ ಗುರುಗಳು ಹೇಳಿದರೆ ಅವರ ಮಾತನ್ನೇ ಕೇಳು.

ಇಷ್ಟಾದರೂ ವಾದಕರು ನೋಡದೇ ಇರಬಹುದು, ಅದನ್ನು ಮುಚ್ಚಿಟ್ಟು ನಿನಗೆ ಸುಳ್ಳು ಭರವಸೆ ಕೊಡಲಾರೆ. ಮುಂದಿನ ತಾಲೀಮಿಗೆ ಯಾವ ಕೃತಿ, ಎರಡನೆಯ ಪಿಟೀಲಿನ ಹಿಂದಿನ ಸಾಲಿನಲ್ಲಿ ಕೂರುವವರ ಹೆಸರೇನು ಎಂದು ತಿಳಿದುಕೊಂಡು ನನಗೆ ಬರೆ. ಉಳಿದದ್ದನ್ನು ಫೋನಿನಲ್ಲಿ ಹೇಳಬೇಡ. ಅಪ್ಪ ಪಕ್ಕದಲ್ಲಿದ್ದರೆ ನೀನು ಎಲ್ಲದಕ್ಕೂ ಚೆನ್ನಾಗಿದೆ ಎಂದುಬಿಡುತ್ತೀಯೆ.

ಇಂತು ನಿನ್ನ ಅತ್ತೆ