ಚೆಂಡು ನಿನ್ನ ಕಡೆ ಬರುವಾಗ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದು ಬಿಡು. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತಲ್ಲ, 'ಮಾವ, ಈಗೀಗ ಚೆಂಡು ನನ್ನ ಕಡೆ ಬರದಿದ್ದರೆ ಸಾಕು ಅನ್ನಿಸುತ್ತೆ' ಅಂತ. ಎರಡು ರಾತ್ರಿಯಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಬ್ಯಾಸ್ಕೆಟ್‌ಬಾಲ್ ಪಂದ್ಯ ಸೋತಿದ್ದು, ನಿನ್ನನ್ನು ಬೆಂಚಿನಲ್ಲಿ ಕೂರಿಸಿದ್ದು ಓದಿ ನನಗೆ ಗಾಬರಿ ಆಗಲಿಲ್ಲ. ಈ ಸಾಲು ಓದಿ ಆಯ್ತು.

ಗ್ಯಾಲರಿಯಲ್ಲಿ ಯಾರೋ 'ಹೋದ ವರ್ಷ ಎಷ್ಟು ಹೊಗಳಿದ್ದರು ಇವಳನ್ನ, ಎಲ್ಲಿ ಹೋಯ್ತು ಅದೆಲ್ಲ?' ಅಂದಿದ್ದು ನಿನ್ನ ಕಿವಿಗೆ ಬಿತ್ತು ಅಂತ ಬರೆದಿದ್ದೀಯ. ಹಾಗೆ ಮಾತಾಡುವವರಲ್ಲಿ ನಾನೂ ಒಬ್ಬನಾಗಿದ್ದೆ ಕಣೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಅಂತಾರೆ. 2017ರ ಡ್ರಾಫ್ಟ್‌ನಲ್ಲಿ ಮಾರ್ಕೆಲ್ ಫುಲ್ಟ್ಜ್ ಮೊದಲನೇ ಆಯ್ಕೆ. ಆಗ ಅವನಿಗೆ 19 ವರ್ಷ. ಅವನಿಗಾಗಿ ಫಿಲಡೆಲ್ಫಿಯಾ ತಂಡ ಸರದಿಯಲ್ಲಿ ತನಗಿದ್ದ ಮೂರನೇ ಸ್ಥಾನದ ಜೊತೆ ಮುಂದಿನ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ, ಮೊದಲ ಸ್ಥಾನವಿದ್ದ ಬಾಸ್ಟನ್ ತಂಡಕ್ಕೆ ಬಿಟ್ಟುಕೊಟ್ಟಿತ್ತು. ಆ ಮೂರನೇ ಸ್ಥಾನದಲ್ಲಿ ಬಾಸ್ಟನ್‌ಗೆ ಸಿಕ್ಕಿದ್ದು ಜೇಸನ್ ಟೇಟಮ್. ಅತ್ತ ಟೇಟಮ್ ಚೆನ್ನಾಗಿ ಆಡಿದರೆ ಇತ್ತ ಫುಲ್ಟ್ಜ್‌ಗೆ ಬೈಗುಳ. ಮೊದಲ ಸೀಸನ್‌ನಲ್ಲಿ ಅವನು ಆಡಿದ್ದೇ 14 ಪಂದ್ಯ. ಫ್ರೀ ಥ್ರೋಗೆ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯಲು, ನಿಂತರೆ ಕೈ ಮೇಲೆ ಹೋಗಿ, ನಡುವೆ ತಡವರಿಸಿ, ಆಮೇಲೆ ಚೆಂಡು ಬಿಡುತ್ತಿದ್ದ. ಆ ವಿಡಿಯೋ ನೋಡಿ ನಾನು ನಕ್ಕಿದ್ದೇನೆ. 'ಇವನಿಗೆ ಧೈರ್ಯ ಇಲ್ಲ' ಅಂತ ಗೆಳೆಯರ ಜೊತೆ ವಾದ ಮಾಡಿದ್ದೇನೆ. 2018ರ ಡಿಸೆಂಬರ್‌ನಲ್ಲಿ ಗೊತ್ತಾಯ್ತು, ಕುತ್ತಿಗೆಗೂ ಭುಜಕ್ಕೂ ನಡುವೆ ನರ ಒತ್ತಿಕೊಳ್ಳುವ ತೊಂದರೆ ಅದು ಅಂತ.

ನಿನಗೆ ಭುಜ ಏನಾದರೂ ನೋಯುತ್ತಾ? ಒಮ್ಮೆ ಡಾಕ್ಟರಿಗೆ ತೋರಿಸಿಬಿಡು. ಏನೂ ಇರಲಿಕ್ಕಿಲ್ಲ, ಆದರೂ.

ಆದರೆ ನಿನ್ನ ಸಾಲು ನನ್ನನ್ನು ಹಿಡಿದಿದ್ದಕ್ಕೆ ಕಾರಣ ಬೇರೆ. ಅದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ನಾನು ಕ್ಯಾಪ್ಟನ್ ಆಗಿದ್ದಾಗ ತಂಡಕ್ಕೆ ಒಬ್ಬ ಹುಡುಗ ಬಂದಿದ್ದ. ಎಡಗೈ ಡ್ರಿಬಲ್ ನೋಡಿ ಎಲ್ಲರೂ ಬೆರಗಾಗಿದ್ದೆವು. ಎರಡನೇ ವರ್ಷ ಅವನ ಶಾಟ್ ಬೀಳಲಿಲ್ಲ. ಚೆಂಡು ಕೈಗೆ ಬಂದ ಕೂಡಲೇ, ಕೆಂಡ ಮುಟ್ಟಿದವನ ಹಾಗೆ ಇನ್ನೊಬ್ಬರಿಗೆ ದಾಟಿಸುತ್ತಿದ್ದ. ಒಂದು ಸಂಜೆ ನನ್ನ ಹತ್ತಿರ ಬಂದು, 'ಅಣ್ಣಾ, ನನಗೆ ಪಾಸ್ ಕೊಡಬೇಡಿ' ಅಂದ. ನಾನು ಎಲ್ಲರ ಎದುರಿಗೆ, 'ನಿನ್ನನ್ನು ನಂಬಿ ಕೆಟ್ಟೆವು' ಅಂದುಬಿಟ್ಟೆ. ಅವನು ಲೇಸ್ ಬಿಚ್ಚಿ, ಶೂಗಳನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ಚಪ್ಪಲಿ ಹಾಕಿಕೊಂಡು ಹೋದ. ಆ ಶೂ ಸೀಸನ್ ಮುಗಿಯುವವರೆಗೆ ಅಲ್ಲೇ ಇದ್ದವು. ಕೊಟ್ಟು ಬರೋಣ ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಹೋಗಲಿಲ್ಲ.

ಜರ್ಮನಿಯ ಆಟಗಾರ ಡರ್ಕ್ ನೊವಿಟ್ಸ್ಕಿ ಎನ್‌ಬಿಎಯ ತನ್ನ ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 8.2 ಪಾಯಿಂಟ್ ಅಷ್ಟೇ ಹಾಕಿದ್ದ, 2011ರಲ್ಲಿ ತನ್ನ ಡಲ್ಲಾಸ್ ತಂಡಕ್ಕೆ ಚಾಂಪಿಯನ್‌ಶಿಪ್ ತಂದ. ಇದನ್ನು ಬರೆದು ಹೊಡೆದುಹಾಕೋಣ ಅನ್ನಿಸಿತು. ನಿನ್ನ ಮೇಲೆ ಇನ್ನೊಂದು ನಿರೀಕ್ಷೆ ಹೇರಿದ ಹಾಗಾಗುತ್ತೆ ಅಲ್ವಾ? ನೀನು ಅವನಂತೆ ಆಗಬೇಕಿಲ್ಲ. ಆಟ ಬಿಟ್ಟರೂ ನನಗೆ ಬೇಜಾರಿಲ್ಲ. ಭಯದಿಂದ ಬಿಡುತ್ತೀಯೇನೋ ಅನ್ನುವುದೊಂದೇ ಸಂಕಟ.

ಕೋಚ್‌ಗೆ ಆ ಸಾಲನ್ನು ಇದ್ದ ಹಾಗೆ ಹೇಳಲು ಆಗುತ್ತಾ? ಅವರು ನನ್ನ ಹಾಗೆ ಬೈಯುವವರಾದರೆ ಬೇಡ. ಎಲ್ಲರೂ ಬರುವ ಮೊದಲು ಹೋಗಿ, ರಿಂಗ್ ಪಕ್ಕದಲ್ಲೇ ನಿಂತು ಒಂದಷ್ಟು ಲೇಅಪ್ ಹಾಕಿ ನೋಡು. ಎಷ್ಟು ಬಿತ್ತು ಅಂತ ಎಣಿಸಬೇಡ. ಇದರಿಂದ ಉಪಯೋಗ ಆಗುತ್ತೆ ಅಂತ ಗಟ್ಟಿಯಾಗಿ ಹೇಳಲಾರೆ, ನನಗೆ ತೋಚಿದ್ದು ಇಷ್ಟೇ.

ಒಂದು ಕೇಳುತ್ತೇನೆ, ಬೇಗ ಉತ್ತರ ಬರಿ. ಆ ಭಯ ಚೆಂಡು ಬರುವ ಮೊದಲು ಆಗುತ್ತಾ, ಕೈಗೆ ಬಂದ ಮೇಲೆ ಆಗುತ್ತಾ? ಆ ಹುಡುಗನನ್ನು ನಾನು ಇದನ್ನು ಕೇಳಲೇ ಇಲ್ಲ.

ನಿನ್ನ ಮಾವ